ಗುಜರಿಯಲ್ಲಿ ಸಿಕ್ಕ ಚಿತ್ರ ಹಳೇದಾ, ನಕಲಾ? ಹೆಸರು ನೋಡಬೇಡಿ, ಚುಕ್ಕಿ ನೋಡಿ

ಅಕ್ಕ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯಲ್ಲಿ ಸಿಕ್ಕ ಎರಡು ಚಿತ್ರಗಳ ಬಗ್ಗೆ ಕೇಳಿದ್ದೀರಿ. ಒಂದು ರವಿವರ್ಮ ಅಂತ ಹೆಸರಿರುವ ಸರಸ್ವತಿ. ಇನ್ನೊಂದು ಕಪ್ಪು-ಬಿಳುಪಿನ ಇಂಗ್ಲಿಷ್ ಹಳ್ಳಿ, ಕೆಳಗೆ ಪೆನ್ಸಿಲ್ ಸಹಿ. ಒರೆಸಿ ಹೊಸ ಕಟ್ಟು (ಫ್ರೇಮ್) ಹಾಕಿಸಲಾ ಅಂದಿದ್ದೀರಿ. ದಯವಿಟ್ಟು ಸ್ವಲ್ಪ ತಡೀರಿ.

ಮೊದಲು ಸರಸ್ವತಿ. ರವಿವರ್ಮರು 1894ರಲ್ಲಿ ಮುಂಬೈನಲ್ಲಿ ಪ್ರೆಸ್ ಶುರು ಮಾಡಿದರು. ಆಮೇಲೆ ಅದು ಲೋಣಾವಳ ಹತ್ತಿರದ ಮಳವಲಿಗೆ ಹೋಯಿತು. ಅವರು 1906ರಲ್ಲಿ ತೀರಿಕೊಂಡ ಮೇಲೂ ಬೇರೆಯವರ ಕೈಯಲ್ಲಿ ಪ್ರೆಸ್ ವರ್ಷಗಟ್ಟಲೆ ನಡೆಯಿತು. ಅದೇ ಚಿತ್ರಗಳನ್ನು ಇವತ್ತಿಗೂ ಆಫ್‌ಸೆಟ್‌ನಲ್ಲಿ, ಅಂದರೆ ಈಗಿನ ಮುದ್ರಣ ಯಂತ್ರದಲ್ಲಿ, ಅಚ್ಚು ಹಾಕುತ್ತಾರೆ. ಸಹಿಯೂ ಚಿತ್ರದ ಜೊತೆಗೇ ಅಚ್ಚಾಗಿ ಬರುತ್ತದೆ. ಹಾಗಾಗಿ ಹೆಸರು ಇದೆ ಅನ್ನೋದರಿಂದ ಏನೂ ತೀರ್ಮಾನ ಆಗಲ್ಲ.

ಚಿನ್ನದಂಗಡಿಯವರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಒಂದು ತಗೊಳ್ಳಿ. ದೇವಿಯ ಕೆನ್ನೆ, ಸೀರೆಯ ನೆರಳು ನೋಡಿ. ಚುಕ್ಕಿಗಳು ಸಾಲಾಗಿ, ಪುಟ್ಟ ಹೂವಿನ ಹಾಗೆ ಸುತ್ತಿಕೊಂಡು ಕೂತಿದ್ದರೆ ಅದು ಆಫ್‌ಸೆಟ್, ಈಚಿನದು. ರವಿವರ್ಮರ ಪ್ರೆಸ್ಸಿನ ಹಳೇ ಕಲ್ಲಚ್ಚಿನಲ್ಲಿ (ಲಿಥೋಗ್ರಾಫ್) ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು. ಕಲ್ಲಿನ ಮೇಲೆ ಚುಕ್ಕಿಗಳನ್ನು ಕೈಯಲ್ಲೇ ಇಡುತ್ತಿದ್ದರು. ಅದಕ್ಕೇ ಅವು ಒಂದು ದಪ್ಪ, ಒಂದು ಸಣ್ಣ, ಸಾಲು ಇರಲ್ಲ. ಅಂಚಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಆಚೆ ಸರಿದಿರುವುದೂ ಉಂಟು. ಕೆಳಗಿನ ಅಂಚನ್ನು ಕಟ್ಟು ಮುಚ್ಚಿರಬಹುದು. ಪ್ರೆಸ್ಸಿನ ಹೆಸರು, ಊರು ಇರೋದು ಅಲ್ಲೇ. ಸೀರೆಗೆ ಜರಿ, ಚಮಕಿ ಅಂಟಿಸಿದ್ದರೆ ಕೀಳಬೇಡಿ. ಆಗಿನವರು ಭಕ್ತಿಯಿಂದ ಮಾಡುತ್ತಿದ್ದ ಅಲಂಕಾರ ಅದು. ನನಗಂತೂ ಅಂಥ ಚಿತ್ರವೇ ಜಾಸ್ತಿ ಇಷ್ಟ.

ಹೋಲಿಸಿ ನೋಡೋಕೆ ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನಲ್ಲಿ ಬೆಂಗಳೂರಿನ ರಾಜಾ ರವಿವರ್ಮ ಹೆರಿಟೇಜ್ ಫೌಂಡೇಶನ್‌ನವರು ಹಾಕಿರುವ ಹಳೇ ಮುದ್ರಣಗಳಿವೆ. ದೊಡ್ಡದು ಮಾಡಿ ನೋಡಬಹುದು.

ಇನ್ನು ಇಂಗ್ಲಿಷ್ ಹಳ್ಳಿಯ ಚಿತ್ರ. ಕೆಜಿಎಫ್‌ನಲ್ಲಿ ಅದು ಸಿಕ್ಕಿದ್ದು ಆಶ್ಚರ್ಯ ಅಲ್ಲ. 1880ರಿಂದ ಜಾನ್ ಟೇಲರ್ ಕಂಪನಿಯವರು ಗಣಿ ನಡೆಸಿದ ಊರು ಅಲ್ವಾ? ಬಂಗಲೆಗಳ ಗೋಡೆಗೆ ಅವರೂರಿನ ಚಿತ್ರ ಬಂದೇ ಬರುತ್ತದೆ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಚಿತ್ರದ ಸುತ್ತ ಚೌಕವಾಗಿ ಕಾಗದ ಒತ್ತಿ ಕುಳಿತಂತೆ ಕಂಡರೆ, ಗೆರೆಗಳ ಮಸಿ ಸ್ವಲ್ಪ ಉಬ್ಬಿದ್ದರೆ, ಅದು ಎಚಿಂಗ್, ಅಂದರೆ ಆಸಿಡ್‌ನಿಂದ ಗೆರೆ ಕೊರೆದ ತಾಮ್ರದ ತಗಡಿನಿಂದ ತೆಗೆದ ಅಚ್ಚು, ಇರಬಹುದು. ಬೆರಳಿಟ್ಟು ನೋಡಬೇಡಿ. ಎಡಕ್ಕೆ 7/50 (ಐವತ್ತು ಪ್ರತಿಗಳಲ್ಲಿ ಏಳನೆಯದು) ತರಹದ ಸಂಖ್ಯೆ ಇಲ್ಲ ಅಂತ ಬೇಜಾರೂ ಬೇಡ. ಹಳೆಯ ಎಷ್ಟೋ ಎಚಿಂಗ್‌ಗಳಲ್ಲಿ ಸಂಖ್ಯೆ ಇರಲ್ಲ. ಆದರೆ ಫೋಟೋದಿಂದ ಮಾಡಿದ ಮುದ್ರಣಕ್ಕೂ ಕಲಾವಿದರು ಪೆನ್ಸಿಲ್ ಸಹಿ ಹಾಕಿದ್ದುಂಟು. ಸಹಿಯೊಂದನ್ನೇ ನಂಬಿ ಬೆಲೆ ಕಟ್ಟಬೇಡಿ. ಹೆಸರು ಓದಲು ಬಂದರೆ ಬ್ರಿಟಿಷ್ ಮ್ಯೂಸಿಯಂ ವೆಬ್‌ಸೈಟ್‌ನಲ್ಲಿ ಹುಡುಕಿ, ದುಡ್ಡು ಕೊಡಬೇಕಿಲ್ಲ.

ಕಟ್ಟು ಬಿಚ್ಚುವ ಮುಂಚೆ ಹಿಂಭಾಗದ ಫೋಟೋ ತೆಗೆಯಿರಿ. ಕಟ್ಟಿನಂಗಡಿಯ ಚೀಟಿ, ಒಳಗೆ ಒತ್ತಿದ ಹಳೇ ಪೇಪರ್, ಯಾವುದನ್ನೂ ಎಸೆಯಬೇಡಿ. ಪೇಪರಿನ ತಾರೀಖು ಕಟ್ಟು ಹಾಕಿದ ಕಾಲವನ್ನು ಅಂದಾಜು ಮಾಡೋಕೆ ಸಾಕು, ಚಿತ್ರ ಅದಕ್ಕಿಂತ ಹಳೇದಿರಬಹುದು. ಕಾಗದ ಗಾಜಿಗೆ ಅಂಟಿದ್ದರೆ ಎಳೆಯಬೇಡಿ. ನೀರು, ಸ್ಪಿರಿಟ್, ತಿನ್ನರ್ ಯಾವುದೂ ತಾಗಿಸಬೇಡಿ. ಹೊಸ ಕಟ್ಟಿಗೆ ಆಸಿಡ್ ಇಲ್ಲದ ರಟ್ಟು ಕೇಳಿ, ಗಾಜು ಕಾಗದಕ್ಕೆ ತಾಗದ ಹಾಗೆ ಜಾಗ ಬಿಡಿಸಿ. ನೂರು ವರ್ಷ ದಾಟಿದ್ದು ಅಂತ ಗೊತ್ತಾದರೆ ವಿದೇಶಕ್ಕೆ ಮಾರುವ ಮಾತು ಬೇಡ, ಪುರಾತನ ವಸ್ತುಗಳ 1972ರ ಕಾಯ್ದೆ ಬಿಡಲ್ಲ.

ಲೆನ್ಸ್ ಮೇಲೆ ಮೊಬೈಲ್ ಇಟ್ಟು ಕೆನ್ನೆಯ ಹತ್ತಿರದ ಒಂದು ಫೋಟೋ, ಪೆನ್ಸಿಲ್ ಸಹಿಯದು ಒಂದು, ಹಿಂಭಾಗದ್ದು ಒಂದು ಇಲ್ಲೇ ಹಾಕಿ ಅಕ್ಕ. ನೋಡಿ ಹೇಳುತ್ತೇನೆ.