ಸೋಮವಾರ ನಿಮ್ದು, ಪಾಸ್ಟರೇ

ಪ್ರಶ್ನೆ: ಮೂಡಿಗೆರೆ ಕಡೆ ಸಣ್ಣ ಸಭೆಗೆ 11 ವರ್ಷದಿಂದ ಪಾಸ್ಟರ್ ಆಗಿದೀನಿ. ಭಾನುವಾರ ಎರಡು ಕಡೆ ಆರಾಧನೆ, ವಾರಕ್ಕೆ ನಾಲ್ಕು ಸಂಜೆ ಎಸ್ಟೇಟ್ ಕೆಲಸಗಾರರ ಲೈನ್ ಮನೆಗಳಲ್ಲಿ ಪ್ರಾರ್ಥನೆ, ಮಧ್ಯರಾತ್ರಿನೂ ಫೋನ್. ಹೋದ ತಿಂಗಳು ಒಬ್ರ ಸಮಾಧಿ ಹತ್ರ ನಿಂತು ವಾಕ್ಯ ಓದ್ತಿದ್ದಾಗ ಮನಸ್ಸಿಗೆ ಏನೂ ಅನ್ನಿಸ್ಲೇ ಇಲ್ಲ, ಭಯ ಆಯ್ತು. ರಜೆ ಕೇಳಿದ್ರೆ ಹಿರಿಯರೊಬ್ರು "ದೇವರ ಸೇವೆಗೂ ರಜೆನಾ" ಅಂದ್ರು. ಮಗಳು "ಪಪ್ಪಾ, ನಿನ್ ಹತ್ರ ಮಾತಾಡೋಕೆ ನಾನೂ ಪ್ರಾರ್ಥನೆ ವಿನಂತಿ ಕಳಿಸ್ಬೇಕಾ" ಅಂತಾಳೆ. ಸೇವೆ ಬಿಟ್ಬಿಡ್ಲಾ?

ಉತ್ತರ: ಪಾಸ್ಟರೇ, ಬಿಡೋದೋ ಇರೋದೋ ಅನ್ನೋ ಯೋಚನೆ ಈಗ ಬೇಡ್ವೇ ಬೇಡ. ಮೊದ್ಲು ನಿದ್ದೆ ಮಾಡಿ. ನಿಮ್ಮ ವಿಶ್ವಾಸ ಬತ್ತಿಹೋಗಿಲ್ಲ, ನೀವು ಸುಸ್ತಾಗಿದೀರಿ. ಬೈಬಲಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ಕೊಂಡು ಸಾಕಪ್ಪಾ ನನ್ ಪ್ರಾಣ ತಗೋ ಅಂದಾಗ ದೇವದೂತ ಬಂದು ಬೈಲಿಲ್ಲ, ಬೋಧನೆನೂ ಮಾಡ್ಲಿಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯೋಕೆ ನೀರು ಇಟ್ಟು ಎದ್ದು ತಿನ್ನು ಅಂದ, ಎಲೀಯ ತಿಂದು ಮತ್ತೆ ಮಲಗಿದ, ಇನ್ನೊಂದ್ಸಲ ಎಬ್ಬಿಸಿ ತಿನ್ನಿಸಿದ, ಇಲ್ಲೇನ್ ಮಾಡ್ತಿದೀಯ ಅನ್ನೋ ಪ್ರಶ್ನೆ ಬಂದಿದ್ದು ಅದಾಗಿ 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. 1 ಅರಸು 19, ನೀವೇ ಎಷ್ಟು ಸಲ ಬೋಧಿಸಿರ್ತೀರೋ.

ಕೊಯ್ಲು ಟೈಮಲ್ಲಿ ಲೈನ್ ಜನ ಕತ್ತಲಾದ್ಮೇಲೆ ಮನೆ ಸೇರ್ತಾರೆ, ಆಮೇಲೆ ಪ್ರಾರ್ಥನೆ ಶುರು, ಮುಗಿಸ್ಕೊಂಡು ಕೊಟ್ಟಿಗೆಹಾರದ ಮಂಜಲ್ಲಿ ಬೈಕ್ ಓಡಿಸಿ ಮನೆಗೆ ಬರೋಷ್ಟ್ರಲ್ಲಿ ಮಗಳು ಮಲಗಿರ್ತಾಳೆ. ನಾಲ್ಕು ಸಂಜೇಲಿ ಎರಡನ್ನ ಸಭೆಯವ್ರಿಗೇ ಒಪ್ಪಿಸಿ. ನೀವು ಹಾಡು ಶುರು ಮಾಡೋಕೂ ಕಾಯೋ ಜನ ಅವ್ರು, ಆದ್ರೆ ಕೊಟ್ರೆ ಮಾಡ್ತಾರೆ. ಆ ಹಿರಿಯರ ಜೊತೆ ಕೂತು ವಿಮೋಚನಕಾಂಡ 18 ಓದಿ, ಬೆಳಗ್ಗಿಂದ ಸಂಜೆವರೆಗೆ ಒಬ್ನೇ ನ್ಯಾಯ ಹೇಳ್ತಿದ್ದ ಮೋಶೆಗೆ ಅವನ ಮಾವ, ನೀನೂ ದಣೀತೀಯ ಜನನೂ ದಣೀತಾರೆ ಅಂತ ಹೇಳಿದ್ದು ಅಲ್ಲೇ ಇದೆ.

ಭಾನುವಾರ ಎಲ್ರಿಗೂ ಸಬ್ಬತ್, ಅಂದ್ರೆ ವಿಶ್ರಾಂತಿ ದಿನ, ನಿಮಗದು ಕೆಲಸದ ದಿನ, ಹಾಗಾಗಿ ಸೋಮವಾರ ಪೂರ್ತಿ ನಿಮ್ದು ಅಂತ ಕಮಿಟೀಲಿ ಬರೆಸಿ. ಅವತ್ತು ಸಭೆ ಫೋನ್ ಒಬ್ಬ ಹಿರಿಯರ ಕೈಗೆ ಹೋಗ್ಲಿ. ನಿಮ್ಮನೆಯವ್ರ ಕೈಗೆ ಬೇಡ, ಅವ್ರೂ ನಿಮ್ಮಷ್ಟೇ ದಣಿದಿರ್ತಾರೆ. ಸಾವು, ಆಸ್ಪತ್ರೆ ಅಂದ್ರೆ ಮಾತ್ರ ನಿಮಗೆ ಹೇಳ್ಲಿ.

ಶುಗರ್, ಥೈರಾಯ್ಡ್ ಒಂದ್ಸಲ ಟೆಸ್ಟ್ ಮಾಡಿಸಿ. ನಿದ್ದೆ ಬರ್ದೇ ಇದ್ರೆ, ಬದುಕೇ ಬೇಡ ಅನ್ನಿಸಿದ್ರೆ ಒಂದಿನಾನೂ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ರಾತ್ರಿನೂ ಇರ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು. ಬೇರೆಯವ್ರಿಗೆ ಇದನ್ನೇ ಹೇಳ್ತಿದ್ರಿ ಅಲ್ವಾ.

ಈ ಸೋಮವಾರ ಸ್ಕೂಲ್ ಬಿಡೋ ಹೊತ್ತಿಗೆ ಗೇಟ್ ಹತ್ರ ನೀವೇ ಹೋಗಿ ನಿಂತಿರಿ, ಫೋನ್ ಮನೇಲಿ ಬಿಟ್ಟು. ಅವಳು ಹೇಳೋದೆಲ್ಲ ಕೇಳ್ಕೊಂಡು ನಿಧಾನಕ್ಕೆ ನಡ್ಕೊಂಡು ಬನ್ನಿ.