ಫೋಟೋಶಾಪ್‌ನಲ್ಲಿ ಚಿತ್ರವನ್ನು ಚಿಕ್ಕದು ಮಾಡಿ ಮತ್ತೆ ದೊಡ್ಡದು ಮಾಡಿದರೆ ಯಾಕೆ ಮಸುಕಾಗುತ್ತದೆ?

ಚಿತ್ರದುರ್ಗದ ಕೋಟೆ ಬಾಗಿಲನ್ನು ಪೆನ್ನಲ್ಲಿ ಬರೆದು, ಸ್ಕ್ಯಾನ್ ಮಾಡಿ ಟೀಶರ್ಟ್ ಡಿಸೈನಿಗೆ ಪೇಸ್ಟ್ ಮಾಡಿದ್ದೀರಿ. ಒಮ್ಮೆ ಕುಗ್ಗಿಸಿ ಮತ್ತೆ ಎಳೆದರೆ ಗೆರೆಯೆಲ್ಲ ಮಸುಕು, ಅಲ್ವಾ?

ಪೇಸ್ಟ್ ಮಾಡಿದ ಚಿತ್ರ ಬರೀ ಪಿಕ್ಸೆಲ್, ಅಂದರೆ ಬಣ್ಣದ ಪುಟ್ಟ ಚುಕ್ಕಿಗಳು. 6 ಇಂಚಿನ ಚಿತ್ರವನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿದರೆ ಅಗಲ 1800 ಪಿಕ್ಸೆಲ್. ಅದನ್ನು 300 ಪಿಕ್ಸೆಲ್‌ಗೆ ಇಳಿಸಿ ಎಂಟರ್ ಒತ್ತಿದಿರೋ, ಉಳಿದ ವಿವರ ಹೋಯಿತು. ಮತ್ತೆ ಎಳೆದಾಗ ಸಾಫ್ಟ್‌ವೇರ್ ಅಂದಾಜಿನ ಮೇಲೆ ಜಾಗ ತುಂಬುತ್ತದೆ.

ಹಾಗಾಗಿ ಪೇಸ್ಟ್ ಬಿಡಿ. ಫೈಲ್ ಮೆನುವಿನಲ್ಲಿ ‘ಪ್ಲೇಸ್ ಎಂಬೆಡೆಡ್’ ಇದೆ, ಅದರಿಂದ ತನ್ನಿ. ಚಿತ್ರ ಸ್ಮಾರ್ಟ್ ಆಬ್ಜೆಕ್ಟ್ ಆಗಿ ಕೂರುತ್ತದೆ, ಮೂಲ ಫೈಲ್ ಒಳಗೇ ಭದ್ರವಾಗಿರುತ್ತದೆ. ಎಷ್ಟು ಸಲ ಕುಗ್ಗಿಸಿ, ತಿರುಗಿಸಿ, ಬಗ್ಗಿಸಿದರೂ ಲೆಕ್ಕ ಮೂಲದಿಂದಲೇ. ಹಾಗಂತ ಮಾಯಾಜಾಲವೇನಲ್ಲ. 1800 ಪಿಕ್ಸೆಲ್‌ಗಿಂತ ಹಿಗ್ಗಿಸಿದರೆ ಮಸುಕೇ.

ಅಳತೆ ಬದಲಿಸಲು ಕಂಟ್ರೋಲ್ ಜೊತೆ ಟಿ. ಹಳೇ ಆವೃತ್ತಿಗಳಲ್ಲಿ ಆಕಾರ ಕೆಡದಿರಲು ಶಿಫ್ಟ್ ಹಿಡಿಯಬೇಕಿತ್ತು. 2019ರ ಆವೃತ್ತಿಯಿಂದ ಉಲ್ಟಾ, ಶಿಫ್ಟ್ ಹಿಡಿದರೇ ಚಿತ್ರ ಸೊಟ್ಟ. ಹಳೇ ಅಭ್ಯಾಸದಲ್ಲಿ ನಾನು ದಾವಣಗೆರೆಯ ಹೋಟೆಲೊಂದರ ಫ್ಲೆಕ್ಸ್‌ಗೆ ಬೆಣ್ಣೆ ದೋಸೆಯನ್ನು ಸೌತೆಕಾಯಿಯಂತೆ ಉದ್ದ ಮಾಡಿಟ್ಟಿದ್ದೆ. ಪ್ರಿಂಟ್‌ಗೆ ಹೋಗುವ ಮೊದಲು ಕಣ್ಣಿಗೆ ಬಿತ್ತು, ಪುಣ್ಯ.

ಸ್ಮಾರ್ಟ್ ಆಬ್ಜೆಕ್ಟ್ ಮೇಲೆ ಬ್ರಷ್ ನೇರ ಓಡುವುದಿಲ್ಲ. ಗೆರೆ ತಿದ್ದಬೇಕಾದರೆ ಲೇಯರ್ (ಪದರ) ಪಟ್ಟಿಯಲ್ಲಿರುವ ಅದರ ಪುಟ್ಟ ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿ, ತೆರೆದ ಫೈಲಿನಲ್ಲಿ ತಿದ್ದಿ ಸೇವ್ ಮಾಡಿ. ಸುಮ್ನೆ ರಾಸ್ಟರೈಸ್ ಒತ್ತಬೇಡಿ, ಮತ್ತೆ ಬರೀ ಪಿಕ್ಸೆಲ್ ಆಗುತ್ತದೆ.