ಆರು ವರ್ಷ ಇಎಂಟಿ ಆಗಿದ್ದವರಿಗೆ

ಆರು ವರ್ಷ ಇಎಂಟಿ (ಆಂಬುಲೆನ್ಸಿನಲ್ಲಿ ಮೊದಲ ಹಂತದ ತುರ್ತು ಚಿಕಿತ್ಸೆ ಕೊಡುವವರು) ಕೆಲಸ ಮಾಡಿ ಈಗ ಟೆಕ್ಸಾಸ್‌ನಲ್ಲಿ ಅದಕ್ಕಿಂತ ಮೇಲಿನ ಹಂತದ ಪ್ಯಾರಾಮೆಡಿಕ್ ಕೋರ್ಸ್ ಸೇರುತ್ತಿದ್ದೀರಿ, ಮೊದಲೇ ಏನು ಓದಲಿ ಅಂತ ಕೇಳಿದ್ದೀರಿ, ಅಲ್ವಾ? ಇಸಿಜಿ, ಔಷಧಿ ಲೆಕ್ಕ. ಸದ್ಯಕ್ಕೆ ಇವೆರಡೇ ಸಾಕು.

ಎಪಿನೆಫ್ರಿನ್ (ಅಡ್ರಿನಲಿನ್) ಅನ್ನೋ ಮದ್ದು ಒಂದನ್ನೇ ನೋಡಿ. ದೊಡ್ಡವರಿಗೆ ಹೃದಯ ನಿಂತರೆ 1 ಮಿಲಿಗ್ರಾಂ ರಕ್ತನಾಳಕ್ಕೆ, 3ರಿಂದ 5 ನಿಮಿಷಕ್ಕೊಮ್ಮೆ. ಜೀವಕ್ಕೆ ಕುತ್ತಾಗುವ ಅಲರ್ಜಿಗೆ 0.3ರಿಂದ 0.5 ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಮದ್ದು ಒಂದೇ, ಕೊಡುವ ದಾರಿ ಬೇರೆ, ಎಷ್ಟು ಗಟ್ಟಿ ಅನ್ನೋದೂ ಬೇರೆ. ನಿದ್ದೆಗಣ್ಣಲ್ಲೂ ತಪ್ಪಬಾರದು.

ಅನುಭವ ಒಮ್ಮೊಮ್ಮೆ ಕಾಲಿಗೆ ತೊಡರುತ್ತದೆ. ಮೊದಲ ಪರೀಕ್ಷೆಯಲ್ಲಿ ನಾನು ರೋಗಿಯ ಬದಲು ಇಟ್ಟಿದ್ದ ಗೊಂಬೆಯ ಉಸಿರಾಟ ಸುಮ್ನೆ ಕಣ್ಣಲ್ಲೇ ನೋಡಿ ಮುಂದೆ ಹೋದೆ. ಬಾಯಿಬಿಟ್ಟು ಹೇಳಲಿಲ್ಲ ಅಂತ ಅಂಕ ಹೋಯಿತು! ಆಮೇಲೆ ಮನೆಯಲ್ಲಿ ದಿಂಬಿನ ಮುಂದೆ ಕೂತು ಪ್ರತಿ ಹೆಜ್ಜೆಯನ್ನೂ ಜೋರಾಗಿ ಹೇಳಿ ರೂಢಿ ಮಾಡಿಕೊಂಡೆ.

‘ನಮ್ಮ ಗಾಡೀಲಿ ಹೀಗೆ ಮಾಡ್ತಿದ್ವಿ’ ಅನ್ನೋ ಮಾತು ಮಾತ್ರ ಕ್ಲಾಸಲ್ಲಿ ಎತ್ತಬೇಡಿ.